ಮೂರು ಟನ್ನಿನ ಸರದಾರ

ಗಾಡಿ ಕೈಕೊಟ್ಟದ್ದು ಏರಿನಲ್ಲಲ್ಲ, ಹೊಂಡ ಬಿದ್ದ ದಾರಿಯಲ್ಲೂ ಅಲ್ಲ. ನುಣ್ಣನೆಯ ಟಾರು ರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮುಂದೆ, ನಾಲ್ಕು ಜನ ನೋಡುತ್ತಿರುವಾಗಲೇ ಹಿಂದಿನಿಂದ ಕಟಕ್ಕೆಂದು ಸದ್ದು ಬಂತು. ಗಾಡಿ ಒಂದು ಪಕ್ಕಕ್ಕೆ ಕುಂಟಿ ನಿಂತುಬಿಟ್ಟಿತು. ಸರದಾರ ಇಳಿದು ಬಗ್ಗಿ ನೋಡಿದ. ಹಿಂದಿನ ಎರಡು ಚಕ್ರಗಳನ್ನು ಹಿಡಿದಿಡುವ ಆಕ್ಸಲ್ಲಿನ ಕವಚ ಬೆಸುಗೆ ಹಾಕಿದ ಜಾಗದಲ್ಲಿ ಬಾಯಿ ಬಿಟ್ಟುಕೊಂಡಿತ್ತು. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಹೊಸ ಗಾಡಿ, ವಾರಂಟಿ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಅವನು ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಕಂಪನಿಯವರು ನೋಡಿಕೊಳ್ಳುತ್ತಾರೆ ಅಂದುಕೊಂಡ, ಪಕ್ಕದ ಅಂಗಡಿಯಲ್ಲಿ ಒಂದು ಟೀ ಕೂಡ ಕುಡಿದ. ಪಾಪ, ತನಗೆ ಎದುರಾಗಿ ಸಾಕ್ಷಿ ಹೇಳಲು ತನ್ನ ಗಾಡಿಯೇ ಕಾದು ನಿಂತಿದೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಗಾಡಿಯ ಹಿಂಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ, ಅರ್ಧ ಮೈಲಿ ದೂರದಿಂದಲೂ ಓದಬಹುದಾದ ಅಕ್ಷರಗಳಲ್ಲಿ, 'ಮೂರು ಟನ್ನಿನ ಸರದಾರ' ಎಂದು ಬರೆದಿತ್ತು. ಆ ಗಾಡಿ ಹೊರಬೇಕಾದ್ದು ಒಂದು ಟನ್. ಅದಕ್ಕಿಂತ ಹೆಚ್ಚು ಹಾಕಿದರೆ ವಾರಂಟಿ ಇಲ್ಲ ಎಂದು ಕಂಪನಿಯವರು ಗಾಡಿ ಕೊಡುವಾಗಲೇ ಹೇಳಿರುತ್ತಾರೆ. ಹೀಗಿರುವಾಗ ಹೆಚ್ಚು ಹಾಕಿದ್ದೇನೆಂದು ತನ್ನ ಗಾಡಿಯ ಬೆನ್ನ ಮೇಲೆ ತಾನೇ ದುಡ್ಡು ಕೊಟ್ಟು ಬರೆಸಿಕೊಂಡವನನ್ನು ಏನೆನ್ನಬೇಕೋ ನನಗಂತೂ ತಿಳಿಯದು.

ತಮಾಷೆ ಅದಲ್ಲ. ಅವನು ಮೂರು ಟನ್ ಹೊತ್ತವನೇ ಅಲ್ಲ. ಒಂದು ಟನ್ನೂ ಹೊತ್ತವನಲ್ಲ. ಅವನು ಸಾಗಿಸುತ್ತಿದ್ದದ್ದು ದಿಂಬು.

ಹೌದು, ತಲೆಗಿಟ್ಟುಕೊಂಡು ಮಲಗುವ ದಿಂಬು. ಅವನ ಹೆಂಡತಿ ಮತ್ತು ಅವಳ ಅಕ್ಕ ಸೇರಿ ಮನೆಯ ಹಿಂದಿನ ಶೆಡ್ಡಿನಲ್ಲಿ ದಿಂಬು ತುಂಬಿ ಹೊಲಿಯುತ್ತಿದ್ದರು. ಆಸ್ಪತ್ರೆಗೆ, ಹಾಸ್ಟೆಲಿಗೆ, ಲಾಡ್ಜುಗಳಿಗೆ ಅದು ಹೋಗುತ್ತಿತ್ತು. ಗಾಡಿ ತೆಗೆದದ್ದೇ ಅದಕ್ಕಾಗಿ. ಗಾಡಿ ತುಂಬ ದಿಂಬು ಒಟ್ಟಿದರೂ ಇಬ್ಬರು ಗಟ್ಟಿ ಆಳು ಹತ್ತಿ ಕೂತಷ್ಟು ತೂಕವಾಗುತ್ತಿರಲಿಲ್ಲ.

ಆದರೆ ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಮರ್ಯಾದೆ ತೂಕದ ಮೇಲೆ ಹೋಗುತ್ತದೆ. ಅಲ್ಲಿ ಇರುವುದು ಒಂದೇ ಮರ. ಅದರ ನೆರಳಲ್ಲಿ ಮೂರು ಗಾಡಿ ನಿಲ್ಲಬಹುದು. ಯಾರು ಹೆಚ್ಚು ಭಾರ ಹೊರುತ್ತಾರೋ ನೆರಳು ಅವರದು. ಉಳಿದವರು ಬಿಸಿಲಲ್ಲಿ ಬೇಯಬೇಕು. ಯಾರೂ ಮಾಡಿದ ಕಾನೂನಲ್ಲ, ಆದರೆ ಮುರಿದವರೂ ಇಲ್ಲ. ಸರದಾರ ಮೊದಲ ದಿನ ಅಲ್ಲಿಗೆ ಹೋದಾಗ ರೇಡಿಯೋ ಎಂಬ ಡ್ರೈವರು ಗಾಡಿಯಿಂದ ಒಂದು ದಿಂಬು ಎಳೆದು, ಅದನ್ನು ತನ್ನ ಸ್ಟೇರಿಂಗ್ ಮೇಲಿಟ್ಟು ಗೊರಕೆ ಹೊಡೆದು ತೋರಿಸಿದ್ದ. ಅವನ ಬಾಯಿಗೆ ಬಿಡುವೇ ಇರಲಿಲ್ಲವಾದ್ದರಿಂದ ಆ ಹೆಸರು. ಅವತ್ತು ಸ್ಟ್ಯಾಂಡಿಗೆ ಸ್ಟ್ಯಾಂಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸರದಾರನೂ ನಕ್ಕ, ಆದರೆ ಆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ.

ಮಾರನೆಯ ದಿನ ಗಾಡಿಯ ಮೇಲೆ ಟಾರ್ಪಾಲು ಬಂತು.

"ದಿಂಬಿನ ಕೆಲಸ ಬಿಟ್ಟೆ. ಈಗ ಮಷೀನ್ ಲೋಡು" ಎಂದ. ಒಂದು ಸಲ ಬುರುಡೆ ಬಿಡಲು ಶುರುಮಾಡಿದರೆ ಅದು ಎಲ್ಲಿ ನಿಲ್ಲುತ್ತದೆ? ಮಷೀನ್ ಹೋಗಿ ಮೋಟಾರಾಯಿತು, ಮೋಟಾರು ಹೋಗಿ ಉಕ್ಕಿನ ಗಟ್ಟಿಯಾಯಿತು. ಊರಾಚೆಯ ಏರಿನಲ್ಲಿ ಬೇರೆ ಗಾಡಿಗಳು ಒಂದನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದರೆ ಇವನು ಹಾರ್ನ್ ಹೊಡೆದುಕೊಂಡು ಎಲ್ಲರನ್ನೂ ಹಿಂದೆ ಹಾಕಿ ಹೋಗುತ್ತಿದ್ದ. ಕೇಳಿದರೆ, "ಮೂರು ಟನ್ ಇತ್ತು. ಗಾಡಿನ ಹೇಗೆ ಹಿಡಿಬೇಕು ಅನ್ನೋದು ಕೈಗೆ ಗೊತ್ತಿರಬೇಕು" ಎಂದು ಮೀಸೆ ತಿರುವುತ್ತಿದ್ದ.

ಸ್ಟ್ಯಾಂಡಿನ ಯಜಮಾನರು ಅದನ್ನು ನಂಬಿದರು. ಯಜಮಾನರು ಎಂದರೆ ಮಾಲೀಕರಲ್ಲ. ಎಲ್ಲರಿಗಿಂತ ಹಿರಿಯ ಡ್ರೈವರು, ಕಲ್ಲು ಚಪ್ಪಡಿ ಸಾಗಿಸುವವರು. ಬಾಯಿಂದ ಸುಳ್ಳು ಬರದ ಮನುಷ್ಯ. ಅವರ ಮಾತೇ ಅಲ್ಲಿ ಕೊನೆಯ ಮಾತು. ಅವರು ಒಂದು ದಿನ ಸರದಾರನ ಭುಜದ ಮೇಲೆ ಕೈಯಿಟ್ಟು, "ಏರನ್ನ ಹಾಗೆ ಹತ್ತಿಸೋನನ್ನ ನಾನು ನೋಡಿಲ್ಲ ಕಣೋ. ಇನ್ಮೇಲೆ ನೀನು ನನ್ನ ಪಕ್ಕ ನಿಲ್ಸು" ಎಂದು ನೆರಳಿನ ಜಾಗ ಕೊಟ್ಟರು. ಅಪ್ಪ ಬೇಗ ತೀರಿಕೊಂಡಿದ್ದ ಸರದಾರನಿಗೆ ಆ ಕೈಯ ಭಾರ ಬಹಳ ದಿನ ಭುಜದ ಮೇಲೆ ಉಳಿಯಿತು. ಆ ಸಂತೋಷದಲ್ಲೇ ಹೋಗಿ ಬಣ್ಣ ಬರೆಸಿದ್ದು. ಹೆಸರೂ ಅಲ್ಲಿಂದಲೇ ಅಂಟಿಕೊಂಡಿತು.

ಸರ್ವೀಸ್ ಸೆಂಟರಿನಲ್ಲಿ ಗಂಡ ಹೆಂಡತಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ಹೊಸ ಟಯರಿನ ವಾಸನೆ, ನೀರು ಹೊಡೆದು ತೊಳೆದ ನೆಲ, ಎಲ್ಲೋ ಒಳಗೆ ಸುತ್ತಿಗೆಯ ಸದ್ದು. ಹೆಂಡತಿ ಹೊಲಿಗೆ ಬಿಟ್ಟು ಬಂದಿದ್ದಳು. ತಲೆಗೂದಲಲ್ಲಿ ಹತ್ತಿಯ ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಹಾಸ್ಟೆಲಿನ ದೊಡ್ಡ ಆರ್ಡರು ಶೆಡ್ಡಿನಲ್ಲಿ ಸೂರಿನ ತನಕ ಒಟ್ಟಿ ಕೂತಿತ್ತು, ಮತ್ತು ಅದನ್ನು ಸಾಗಿಸುವ ಗಾಡಿ ಇಲ್ಲಿ ಜ್ಯಾಕಿನ ಮೇಲಿತ್ತು. ಗಾಡಿ ಬಾರದಿದ್ದರೆ ಆರ್ಡರು ಬೇರೆಯವರ ಪಾಲು.

ವಾರಂಟಿ ನೋಡುವ ಇಂಜಿನಿಯರ್ ಮೇಡಂ ಚಕ್ರವಿರುವ ಹಲಗೆಯ ಮೇಲೆ ಅಂಗಾತ ಮಲಗಿ, ಟಾರ್ಚು ಹಿಡಿದು ಗಾಡಿಯ ಕೆಳಗೆ ಸಾಕಷ್ಟು ಹೊತ್ತು ಇದ್ದರು. ಹೊರಗೆ ಬಂದು ಕೈ ಒರೆಸಿಕೊಂಡು ಎದುರಿಗೆ ಕೂತರು.

"ಏನು ಲೋಡ್ ಹಾಕ್ತೀರಿ?"

"ದಿಂಬು ಮೇಡಂ" ಎಂದಳು ಹೆಂಡತಿ.

ಮೇಡಂ ನಕ್ಕರು. ಕೊಂಕಿನ ನಗುವಲ್ಲ, ದಣಿದ ನಗು. "ಈ ಕುರ್ಚಿ ಮೇಲೆ ಕೂತೋರೆಲ್ಲ ಹತ್ತಿ, ಸ್ಪಂಜು, ಹಪ್ಪಳ ಅಂತಾನೇ ಹೇಳೋದಮ್ಮ. ಹೋದ ವಾರ ಒಬ್ಬರು ಖಾಲಿ ಬುಟ್ಟಿ ಅಂದ್ರು. ಬುಟ್ಟಿ ಒಳಗೆ ಕಬ್ಬಿಣದ ಸರಳು ಇತ್ತು."

"ನಮ್ಮದು ನಿಜವಾಗ್ಲೂ ದಿಂಬು."

"ಇರಬಹುದು. ಭಾರ ತಡೆಯೋ ಕೆಳಗಿನ ಕಮಾನು ಪಟ್ಟಿಗಳು ಚಪ್ಪಟೆ ಆಗಿಲ್ಲ, ಟಯರು ಚೆನ್ನಾಗಿದೆ, ನನಗೂ ಆಶ್ಚರ್ಯಾನೇ. ಆದ್ರೆ ಹಿಂದೆ ಏನು ಬರೆಸಿದ್ದೀರಿ ನೋಡಿ. ನಾನು ಕಳಿಸೋ ಫೋಟೋದಲ್ಲಿ ಅದೂ ಬರುತ್ತೆ. ಕಂಪನಿಯವರು ಮೊದಲು ಓದೋದೇ ಅದನ್ನ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. "ಅಯ್ಯೋ ಮೇಡಂ, ಅದು ತಮಾಷೆ. ದಿಂಬು ಹಗುರ ಅಂತ ಸ್ಟ್ಯಾಂಡಿನೋರು ಇವರನ್ನ ಆಡಿಕೊಳ್ಳೋಕೆ ಇಟ್ಟ ಹೆಸರು. ಅಲ್ವೇನ್ರೀ?"

ಸರದಾರನ ಮುಖ ಇಂಗು ತಿಂದ ಮಂಗನಂತಾಯಿತು.

"ಹಾಗಾ?" ಎಂದರು ಮೇಡಂ. "ಗಾಡಿ ಎಳಕೊಂಡು ಬಂದ ಡ್ರೈವರು ಹಾಗೆ ಹೇಳಲಿಲ್ಲವಲ್ಲ. ಇದು ನಮ್ಮ ಸರದಾರನ ಗಾಡಿ, ಗಿರಣಿ ಕಲ್ಲು ಹೊತ್ತುಕೊಂಡು ಏರು ಹತ್ತಿದ ಗಾಡಿ, ಚೆನ್ನಾಗಿ ನೋಡ್ಕೊಳ್ಳಿ ಅಂತ ಇಡೀ ಕೌಂಟರಿಗೆ ಕೇಳೋ ಹಾಗೆ ಹೇಳಿ ಹೋದ್ರು."

ಎಳೆದು ತಂದವನು ರೇಡಿಯೋ. ಸ್ನೇಹಿತನಿಗೆ ಒಳ್ಳೆಯದಾಗಲಿ ಎಂದು ಒಂದು ಮಾತು ಹೆಚ್ಚಿಗೇ ಹೇಳಿ ಬಂದಿದ್ದ. ಹೆಂಡತಿಯ ನಗು ಅರ್ಧಕ್ಕೆ ನಿಂತಿತು. ಅವಳು ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿನ ಎಂಜಿನ್ ಆಯಿಲ್ ಜಾಹೀರಾತನ್ನು ಪರೀಕ್ಷೆಗೆ ಓದುವವನಂತೆ ಓದುತ್ತಿದ್ದ.

"ಒಂದು ಕೆಲಸ ಮಾಡೋಣ" ಎಂದರು ಮೇಡಂ. "ನಿಮ್ಮ ಶೆಡ್ಡಿಗೆ ಬಂದು ಕೇಳಿದ್ರೆ ನೀವು ಹೇಳಿದ್ದನ್ನೇ ನಿಮ್ಮೋರು ಹೇಳ್ತಾರೆ. ಅದು ಲೆಕ್ಕಕ್ಕಿಲ್ಲ. ನಾಳೆ ಬೆಳಿಗ್ಗೆ ಸ್ಟ್ಯಾಂಡಿಗೆ ಬರ್ತೀನಿ. ಅಲ್ಲಿರೋರು ಏನು ಹೇಳ್ತಾರೋ ಕೇಳ್ತೀನಿ. ದಿಂಬು ಅಂದ್ರೆ ಬೆಸುಗೆ ತಪ್ಪು ನಮ್ಮದು, ಗಾಡಿ ನಾವು ಸರಿ ಮಾಡಿ ಕೊಡ್ತೀವಿ. ಗಿರಣಿ ಕಲ್ಲು ಅಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ಸಿಗದಿದ್ದರೆ ಚೆನ್ನಾಗಿತ್ತು. ಪಕ್ಕಪಕ್ಕ ಕೂತು ಸುಮ್ಮನಿರುವುದು ಬಲು ಕಷ್ಟ.

"ಟಾರ್ಪಾಲು ಯಾಕೆ ಅಂತ ಕೇಳಿದ್ದೆ" ಎಂದಳು ಕೊನೆಗೆ. "ಧೂಳು ಕೂರಬಾರದು ಅಂದ್ರಿ. ನನ್ನ ದಿಂಬಿನ ಮೇಲೆ ಎಷ್ಟು ಕಾಳಜಿ ಇವರಿಗೆ ಅಂದುಕೊಂಡೆ. ಅಕ್ಕನ ಹತ್ರ ಹೇಳಿಕೊಂಡು ಮೆರೆದಿದ್ದೀನಿ."

"ಧೂಳಿಗೂ ಹೌದು..."

"ಸುಮ್ನಿರಿ. ಮೂಗು ಬಾಯಿಗೆಲ್ಲ ಹತ್ತಿ ತುಂಬಿಕೊಂಡು ನಾನು ಮಾಡೋ ಕೆಲಸ ಅದು. ಅದನ್ನ ಮುಚ್ಚಿಟ್ಟು ಉಕ್ಕು ಅಂತ ಹೇಳ್ಕೊಂಡು ತಿರುಗಿದ್ದೀರಲ್ಲ. ನನ್ನ ಕೆಲಸ ಹೇಳೋಕೆ ನಿಮಗೆ ಅಷ್ಟು ನಾಚಿಕೆನಾ?"

ನಾಚಿಕೆ ಅವಳ ಬಗ್ಗೆ ಅಲ್ಲ, ಅವತ್ತು ನಕ್ಕವರ ಎದುರು ತನ್ನ ಬಗ್ಗೆಯೇ ಎಂದು ಅವನು ಹೇಳಬಹುದಿತ್ತು. ಆದರೆ ಎರಡರ ನಡುವೆ ಅವಳ ಮಟ್ಟಿಗೆ ಏನೂ ವ್ಯತ್ಯಾಸವಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಉಳಿದ ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಕೂದಲಲ್ಲಿ ಸಿಕ್ಕ ಆ ಹತ್ತಿಯ ಎಳೆ ಮಾತ್ರ. ಅದನ್ನು ತೆಗೆಯಲು ಕೈ ಎತ್ತುವ ಧೈರ್ಯ ಬರಲಿಲ್ಲ.

ಸಂಜೆ ಸರದಾರ ಕಾಲ್ನಡಿಗೆಯಲ್ಲೇ ಸ್ಟ್ಯಾಂಡಿಗೆ ಹೋದ. ನಿಜ ಹೇಳಿಬಿಡಬೇಕೆಂದೇ ಹೊರಟಿದ್ದ, ಅದನ್ನು ಅವನ ಪರವಾಗಿ ಬರೆದುಕೊಳ್ಳೋಣ. ಆದರೆ ಅಲ್ಲಿ ಎಲ್ಲರೂ ಎದ್ದು ನಿಂತು, ಗಾಡಿ ಹೇಗಿದೆ, ಏನಂದ್ರು ಎಂದು ಸುತ್ತುವರಿದಾಗ ಬಾಯಿಗೆ ಬಂದದ್ದೇ ಬೇರೆ.

"ನಾಳೆ ಕಂಪನಿ ಮೇಡಂ ಬರ್ತಾರೆ. ಕೇಳಿದ್ರೆ ಇವನದು ಹಗುರದ ಲೋಡು, ದಿಂಬು ಗಿಂಬು ಸಾಗಿಸ್ತಾನೆ ಅಂತ ಹೇಳಿಬಿಡ್ರಪ್ಪ."

ನೋಡಿ, ನಿಜವನ್ನೇ ಹೇಳಿದ, ಆದರೆ ಸುಳ್ಳು ಹೇಳುವವನ ದನಿಯಲ್ಲಿ. ಎಲ್ಲರೂ ಒಬ್ಬರಿಗೊಬ್ಬರು ಕಣ್ಣು ಹೊಡೆದರು.

"ದಿಂಬೇ ಯಾಕೆ, ಹಕ್ಕಿ ಪುಕ್ಕ ಅಂತೀವಿ" ಎಂದ ರೇಡಿಯೋ. "ಅವರ ಕಿವಿ ಮೇಲೆ ಹೂ ಇಡೋ ಕೆಲಸ ನನಗೆ ಬಿಡು."

ಯಜಮಾನರು ಮಾತ್ರ ಕೂತಲ್ಲಿಂದ ಏಳಲಿಲ್ಲ. ಇತ್ತೀಚೆಗೆ ಅವರಿಗೆ ಎದ್ದು ಕೂರುವುದೇ ಕಷ್ಟವಾಗಿತ್ತು. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿಕೊಂಡಿದ್ದರು. "ನಾನು ಹೇಳಲ್ಲ" ಎಂದರು.

ಎಲ್ಲರೂ ಅವರ ಕಡೆ ತಿರುಗಿದರು.

"ನನ್ನ ಗಾಡಿ ಮುರಿದಾಗ ಅದೇ ಮೇಡಂ ಬಂದು ಕೇಳಿದ್ರು. ಹೆಚ್ಚು ಹಾಕಿದ್ದೆ, ತಪ್ಪು ನಂದು ಅಂತ ಒಪ್ಪಿಕೊಂಡೆ. ಕ್ಲೇಮ್ ಹೋಯ್ತು. ಹೋದ್ರೆ ಹೋಗ್ಲಿ. ನಿನಗೋಸ್ಕರ ಈಗ ಸುಳ್ಳಾಡಲಾ?" ಮೆತ್ತಗಿನ ದನಿಯಲ್ಲಿ ಅಂದರು: "ಮೂರು ಟನ್ ಹೊತ್ತೋನು ನೀನು. ಅದನ್ನ ಮುಚ್ಚಿ ದಿಂಬು ಅಂತ ಯಾಕೆ ಅನ್ನಿಸ್ಕೋತೀಯ? ನಿನ್ನನ್ನ ನಾನು ಹಾಗೆ ತಿಳಿದಿರಲಿಲ್ಲ."

ಬೈದಿದ್ದರೆ ಸರದಾರ ತಡೆದುಕೊಳ್ಳುತ್ತಿದ್ದನೋ ಏನೋ. ಅವರು ಮೆಚ್ಚಿಕೊಂಡೇ ಮಾತಾಡಿದ್ದರಿಂದ ನಿಲ್ಲಲಾಗದೆ ಅಲ್ಲಿಂದ ಕಾಲುಕಿತ್ತ.

ಬೆಳಿಗ್ಗೆ ಮೇಡಂ ಸ್ಕೂಟರಿನಲ್ಲಿ ಬಂದಿಳಿದರು. ಹಿಂದೆಯೇ ಬಸ್ಸಿನಿಂದ ಸರದಾರನ ಹೆಂಡತಿಯೂ ಇಳಿದಳು. ಬಾ ಎಂದು ಅವನು ಕರೆದಿರಲಿಲ್ಲ. ಟೀ ಅಂಗಡಿಯ ಕಂಬಕ್ಕೆ ಒರಗಿ, ಕೈಕಟ್ಟಿ ನಿಂತಳು.

ಮೇಡಂ ಯಾರನ್ನೂ ಗದರಿಸಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಸರದಾರನ ಕಡೆ ತೋರಿಸಿ, "ಇವರು ಏನು ಲೋಡ್ ಹೊಡೀತಾರೆ?" ಎಂದು ಕೇಳಿದರು.

"ದಿಂಬು" ಎಂದ ರೇಡಿಯೋ, ಎದೆ ಉಬ್ಬಿಸಿ.

"ದಿಂಬು" ಎಂದರು ಉಳಿದವರು, ಶಾಲೆಯಲ್ಲಿ ಮಗ್ಗಿ ಹೇಳುವಂತೆ ಒಟ್ಟಿಗೆ. ಹಿಂದೆ ಯಾರೋ ಕಿಸಕ್ಕೆಂದ. ಮೇಡಂ ತಲೆಯಾಡಿಸಿದರು, ಆ ತಲೆಯಾಟದಲ್ಲಿ ನಂಬಿಕೆ ಎಳ್ಳಷ್ಟೂ ಇರಲಿಲ್ಲ. ಅವರು ಯಜಮಾನರ ಕಡೆ ತಿರುಗಿದರು.

"ನೀವು ಹೇಳಿ. ನಿಮ್ಮ ಕ್ಲೇಮ್ ನಾನೇ ಬೇಡ ಅಂದಿದ್ದು, ನೆನಪಿದೆ. ನಿಮ್ಮಷ್ಟು ನೇರವಾಗಿ ಯಾರೂ ಮಾತಾಡಿಲ್ಲ ನನ್ನ ಹತ್ರ."

ಯಜಮಾನರು ಒಮ್ಮೆ ಸರದಾರನನ್ನು, ಒಮ್ಮೆ ನೆಲವನ್ನು ನೋಡಿದರು. ಅವರಿಗೂ ಅದು ಸುಲಭವಾಗಿರಲಿಲ್ಲ. "ಮೇಡಂ, ಈ ಹುಡುಗ..." ಎಂದು ಬಾಯಿ ತೆರೆದರು.

"ಯಜಮಾನ್ರೇ, ನಿಲ್ಲಿ" ಎಂದ ಸರದಾರ.

ಅವನಿಗೆ ಅಲ್ಲಿ ಎರಡು ದಾರಿ ಇತ್ತು. ಅವರು ಹೇಳುವುದನ್ನು ಹೇಳಲು ಬಿಟ್ಟರೆ ಗಾಡಿ ಹೋಗುತ್ತಿತ್ತು, ಆರ್ಡರು ಹೋಗುತ್ತಿತ್ತು, ಆದರೆ ಅವರ ಕಣ್ಣಲ್ಲಿ ಅವನು ಸರದಾರನಾಗಿಯೇ ಉಳಿಯುತ್ತಿದ್ದ. ಒಂದು ಕ್ಷಣ ಅದೇ ಆಗಲಿ ಅನ್ನಿಸಿದ್ದೂ ನಿಜ. ಅಷ್ಟರಲ್ಲಿ ಕಂಬಕ್ಕೆ ಒರಗಿದವಳ ಮೇಲೆ ಕಣ್ಣು ಬಿತ್ತು. ಅವಳು ನೆಲ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು.

"ದಿಂಬೇ ಮೇಡಂ. ಇವರೆಲ್ಲ ಸುಳ್ಳು ಅಂದ್ಕೊಂಡು ಹೇಳ್ತಿದ್ದಾರೆ, ಆದ್ರೆ ಅದೇ ನಿಜ. ಮೊದಲ ದಿನ ಬಿಟ್ರೆ ಇಲ್ಲಿ ಯಾರಿಗೂ ನಾನು ನಿಜ ಹೇಳಿಲ್ಲ. ಮಷೀನ್ ಇಲ್ಲ, ಉಕ್ಕಿಲ್ಲ, ಗಿರಣಿ ಕಲ್ಲಂತೂ ನಾನು ಮುಟ್ಟಿಯೇ ಇಲ್ಲ. ಯಾವತ್ತೂ ಟಾರ್ಪಾಲು ಕೆಳಗೆ ಇದ್ದದ್ದು ದಿಂಬು. ಅಲ್ಲಿ ನಿಂತಿದ್ದಾಳಲ್ಲ, ನನ್ನ ಹೆಂಡತಿ, ಅವಳು ತುಂಬಿ ಹೊಲಿದ ದಿಂಬು. ಅದನ್ನ ಹೇಳೋಕೆ ನಾಚಿಕೆಪಟ್ಟೆ. ನಾಚಿಕೆಪಟ್ಟಿದ್ದೇ ಈಗ ದೊಡ್ಡ ನಾಚಿಕೆ."

ಮೊದಲು ಎಚ್ಚರವಾದದ್ದು ರೇಡಿಯೋಗೆ.

"ಲೋ ಪಾಪಿ" ಎಂದ. "ಅದಕ್ಕೇನೋ ಏರಿನಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿ ಹೋಗ್ತಿದ್ದೆ? ಮೂರನೇ ಗೇರಿನಲ್ಲಿ ಹೋಗ್ತಿದ್ದ ಮೇಡಂ, ಮೂರನೇ ಗೇರಿನಲ್ಲಿ. ನಾವು ಕೈಚಳಕ ಅಂದುಕೊಂಡು ಸಾಯ್ತಿದ್ವಿ."

"ಇವನ ಗಾಡಿ ಒಂದು ದಿನ ಪಂಕ್ಚರ್ ಆಗಿದ್ದು ನೋಡಿಲ್ಲ ನಾನು" ಎಂದ ಇನ್ನೊಬ್ಬ.

"ಡೀಸೆಲ್ ಹಾಕಿಸೋಕೆ ಬಂಕಿಗೆ ಬರೋದೇ ಅಪರೂಪ. ಕೇಳಿದ್ರೆ ಎಂಜಿನ್ ಮಾತು ಕೇಳುತ್ತೆ ಅಂತಿದ್ದ."

"ಲೋಡ್ ಇಳಿಸೋಕೆ ಬರ್ತೀವಿ ಅಂದ್ರೆ ಬೇಡ, ಅಲ್ಲಿ ಕ್ರೇನ್ ಇದೆ ಅಂತಿದ್ದ. ಎಲ್ಲಿತ್ತಪ್ಪ ನಿನ್ನ ಕ್ರೇನು?"

ಒಬ್ಬೊಬ್ಬರೂ ಸಿಟ್ಟಿಗೆ ಸಿಟ್ಟು, ನಗುವಿಗೆ ನಗು ಸೇರಿಸಿ ನೆನಪಾದದ್ದನ್ನೆಲ್ಲ ಅವನ ಮುಖದ ಮೇಲೆ ಎಸೆದರು. ಸರದಾರ ತಲೆ ತಗ್ಗಿಸಿ ನಿಂತಿದ್ದ. ಅವನ ಮರ್ಯಾದೆ ಬಿಡಿಬಿಡಿಯಾಗಿ ಹರಾಜಾಗುತ್ತಿತ್ತು. ಒಂದೊಂದು ಬೈಗುಳಕ್ಕೂ ಮೇಡಂ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ಈ ಸಲದ ತಲೆಯಾಟ ಬೇರೆ ಥರ ಇತ್ತು. ಒಟ್ಟಿಗೆ ಕಲಿತು ಹೇಳಿದ ಮಾತನ್ನು ನಂಬದವರು, ಹೀಗೆ ಕಿತ್ತಾಡಿಕೊಂಡು ಹೊರಬಿದ್ದ ಮಾತನ್ನು ಯಾಕೆ ನಂಬುವುದಿಲ್ಲ?

"ಸಾಕು" ಎಂದು ಪೆನ್ನು ಮುಚ್ಚಿದರು ಕೊನೆಗೆ. "ಕಮಾನು ಪಟ್ಟಿಗಳು ಯಾಕೆ ಚಪ್ಪಟೆ ಆಗಿಲ್ಲ ಅಂತ ಈಗ ಗೊತ್ತಾಯ್ತು. ಬೆಸುಗೆ ನಮ್ಮ ಕಡೆದೇ ತಪ್ಪು. ಗಾಡಿ ಸರಿ ಆಗುತ್ತೆ." ಸ್ಕೂಟರ್ ಹತ್ತುವಾಗ ಇನ್ನೊಂದು ಮಾತು ಸೇರಿಸಿದರು. "ಆ ಬರಹ ಮಾತ್ರ ಅಳಿಸಿಬಿಡಿ. ಮುಂದಿನ ಸಲ ನಾನು ಇರ್ತೀನೋ ಇಲ್ವೋ."

ಗೆದ್ದ ಹಾಗಾಯಿತು. ಆದರೆ ಗೆದ್ದವನ ಕಣ್ಣು ಯಜಮಾನರ ಮೇಲಿತ್ತು. ಅವರು ಸೊಂಟಕ್ಕೆ ಕೈಕೊಟ್ಟು ಎದ್ದರು.

"ನೀನು ಬರೋ ತನಕ ನಾನು ಗಾಡಿಗೆ ಎಷ್ಟು ಬೇಕೋ ಅಷ್ಟೇ ಹಾಕ್ತಿದ್ದೆ" ಎಂದರು. ದನಿ ಏರಿರಲಿಲ್ಲ. "ನೀನು ಮೂರು ಅಂದೆ. ಅದೇ ಕಂಪನಿ ಗಾಡಿ, ಅದೇ ಏರು, ಇವನ ಕೈಲಾಗೋದು ನನ್ನ ಕೈಲಿ ಯಾಕಾಗಲ್ಲ ಅಂತ ನಾನೂ ಹಾಕ್ತಾ ಹೋದೆ. ಇಳಿಸೋವಾಗ ನಾನೂ ಕೈ ಹಚ್ಚಿದೆ. ಗಾಡಿ ಮುರೀತು. ಅದಾದ ಮೇಲೆ ಇದು" ಎಂದು ಸೊಂಟದ ಪಟ್ಟಿಯನ್ನು ಮುಟ್ಟಿ ತೋರಿಸಿದರು.

ಬುರುಡೆ ಬಿಟ್ಟರೆ ತನ್ನೊಬ್ಬನ ಮಾನ ಹೋದೀತು ಎಂದಷ್ಟೇ ಸರದಾರ ಲೆಕ್ಕ ಹಾಕಿದ್ದ. ಇನ್ನೊಬ್ಬರ ಬೆನ್ನು ಮುರಿದೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಕ್ಷಮಿಸಿ ಎಂದ, ಅದು ಅವನ ಕಿವಿಗೇ ಚಿಲ್ಲರೆಯಾಗಿ ಕೇಳಿಸಿತು. ಯಜಮಾನರು ತಮ್ಮ ಗಾಡಿ ಹತ್ತಿ ಹೊರಟುಹೋದರು.

ಹೆಂಡತಿ ಕಂಬ ಬಿಟ್ಟು ಹತ್ತಿರ ಬಂದಳು. ಬೈಯುತ್ತಾಳೆಂದು ಅವನು ಕಾದ.

"ಊಟ ಮಾಡಿಲ್ಲ ನೀವು ನಿನ್ನೆಯಿಂದ" ಎಂದಳು. "ನಡೀರಿ."

ವಾರ ಕಳೆಯುವುದರೊಳಗೆ ಗಾಡಿ ಬಂತು. ಹಿಂಬಾಗಿಲನ್ನು ಅವನು ತಾನೇ ಕೂತು ಉಜ್ಜಿ ಬಿಳಿ ಬಣ್ಣ ಬಳಿದ. ಸ್ಟ್ಯಾಂಡಿನಲ್ಲಿ ಈಗ ಅವನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ. ರೇಡಿಯೋ ದಿನಕ್ಕೊಂದು ಹೊಸ ಹೆಸರಿಟ್ಟ. ಹತ್ತಿರಾಯ, ಮೆತ್ತೆಪ್ಪ, ನಿದ್ರೆ ಸಾಹೇಬ. ಯಾವುದೂ ಅಂಟಲಿಲ್ಲ, ಎಲ್ಲರೂ ಹಳೇ ರೂಢಿಯಲ್ಲಿ ಸರದಾರ ಎಂದೇ ಕರೆದು, ನೆನಪಾಗಿ ನಕ್ಕು, ಮುಂದೆ ಹೋಗುತ್ತಿದ್ದರು. ಆ ನಗು ಮೊದಲಿನಷ್ಟು ಚುಚ್ಚುತ್ತಿರಲಿಲ್ಲ. ಒಂದು ದಿನ ರೇಡಿಯೋನೇ ಗುಟ್ಟಾಗಿ ಬಂದು, ತನ್ನ ಅತ್ತೆಗೆ ಕತ್ತು ನೋವು, ಒಂದು ಒಳ್ಳೇ ದಿಂಬು ಸಿಗುತ್ತದೆಯೇ ಎಂದು ಕೇಳಿ ತೆಗೆದುಕೊಂಡು ಹೋದ.

ಯಜಮಾನರು ಮಾತ್ರ ಮುಖ ಕೊಟ್ಟು ನೋಡುತ್ತಿರಲಿಲ್ಲ. ಸರದಾರ ಅವರಿಗೆ ಟೀ ತಂದಿಟ್ಟರೆ ಅದು ಹಾಗೇ ಆರಿಹೋಗುತ್ತಿತ್ತು. ಚಪ್ಪಡಿ ಇಳಿಸಲು ನಾನು ಬರುತ್ತೇನೆ ಎಂದರೆ ಕೇಳಿಸದವರಂತೆ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಅದು ನ್ಯಾಯವೇ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ದಿನಾ ಟೀ ತಂದಿಡುತ್ತಿದ್ದ.

ಹಾಸ್ಟೆಲಿನ ಆರ್ಡರು ಕೈತಪ್ಪಿರಲಿಲ್ಲ. ಅವರು ಖುಷಿಯಾಗಿ ಇನ್ನೊಂದು ಹಾಸ್ಟೆಲಿಗೂ ಹೇಳಿದ್ದರು. ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಅವತ್ತು ಮಧ್ಯಾಹ್ನ ಗಂಡ ಹೆಂಡತಿ ಗಾಡಿಗೆ ತುಂಬುತ್ತಿದ್ದರು, ಒಳಗೆ ಅಕ್ಕನ ಹೊಲಿಗೆ ಮಷೀನು ಗಿರಗಿರ ಎನ್ನುತ್ತಿತ್ತು. ಓಣಿಯ ತುದಿಯಲ್ಲಿ ಒಂದು ಗಾಡಿ ನಿಂತ ಸದ್ದಾಯಿತು. ಸೊಂಟಕ್ಕೆ ಕೈಕೊಟ್ಟು, ಗೋಡೆ ಹಿಡಿದುಕೊಂಡು ಯಜಮಾನರು ನಡೆದು ಬಂದರು. ಸರದಾರನನ್ನು ದಾಟಿ ನೇರ ಅವನ ಹೆಂಡತಿಯ ಮುಂದೆ ನಿಂತರು.

"ತಂಗಿ, ನನ್ನ ಸಿಟ್ಟು ಇನ್ನೂ ಹೋಗಿಲ್ಲ ಅಂತ ನಿಮ್ಮೋರಿಗೆ ಹೇಳು."

"ಇಲ್ಲೇ ಇದ್ದಾರಲ್ಲ ಅಣ್ಣ. ನೀವೇ ಹೇಳಿ."

"ನಾನು ಅವನ ಹತ್ರ ಮಾತಾಡಲ್ಲ."

"ಸರಿ. ಹೇಳ್ತೀನಿ. ಇನ್ನೇನಾದ್ರೂ ಹೇಳಬೇಕಾ?"

ಯಜಮಾನರು ಸೂರಿನ ತನಕ ಒಟ್ಟಿದ ದಿಂಬುಗಳನ್ನು ನೋಡಿದರು. ಜೀವಮಾನವಿಡೀ ಕಲ್ಲು ಹೊತ್ತ ಮನುಷ್ಯನಿಗೆ ಮುಂದಿನ ಮಾತು ಕಲ್ಲಿಗಿಂತ ಭಾರವಾಗಿತ್ತು.

"ಸಿಟ್ಟು ಹೋಗೋಕೆ ಹೊತ್ತು ಬೇಕು. ಸೊಂಟ ಅಷ್ಟು ದಿನ ಕಾಯಲ್ಲ ಅಂತಿದ್ದಾರೆ ಡಾಕ್ಟರು. ಇಲ್ಲಿ ಇನ್ನೊಂದು ಗಾಡಿಗೆ ಕೆಲಸ ಇದ್ಯಾ?"

ಹೊಸ ಹಾಸ್ಟೆಲಿನ ಲೋಡು ಇತ್ತು. ಆದರೆ ಅದು ಗಂಡನದು. ಅದನ್ನೇ ನಂಬಿಕೊಂಡು ಅವನು ಮನೆಯ ಸೋರುವ ಸೂರು ಸರಿಮಾಡಿಸುವ ಮಾತಾಡುತ್ತಿದ್ದ. ಹೆಂಡತಿ ಅವನ ಕಡೆ ನೋಡಿದಳು.

"ಹೊಸ ಹಾಸ್ಟೆಲು ಯಜಮಾನ್ರದು" ಎಂದ ಸರದಾರ. ಯೋಚಿಸಲು ಅವನಿಗೆ ಏನೂ ಇರಲಿಲ್ಲ. "ಇವತ್ತಿನದು, ಮುಂದಿನದು, ಎಲ್ಲ. ಸೂರು ಒಂದು ಮಳೆಗಾಲ ತಡೆಯುತ್ತೆ."

ಯಜಮಾನರು ಕೇಳಿಸಿಕೊಂಡದ್ದನ್ನು ತೋರಿಸಲಿಲ್ಲ. ಆದರೆ ಎರಡೂ ಕೈ ಮುಂದೆ ಚಾಚಿ ನಿಂತರು, ಕಲ್ಲು ಹೊರುವವರು ನಿಲ್ಲುವಂತೆ, ಕಾಲು ಅಗಲಿಸಿ. ಹೆಂಡತಿ ಒಂದೊಂದೇ ದಿಂಬು ಇಡುತ್ತ ಹೋದಳು. ನಾಲ್ಕಾಯಿತು, ಆರಾಯಿತು. ತೂಕ ಬರಲಿ ಎಂದು ಅವರು ಕಾಯುತ್ತಿದ್ದರು, ತೂಕ ಬರಲೇ ಇಲ್ಲ.

"ಇಷ್ಟೇನಾ? ಇನ್ನೂ ಇಡಮ್ಮ."

"ಸಾಕು ಅಣ್ಣ."

"ಏನೂ ಆಗಲ್ಲ, ಇಡು."

ಅವಳು ಇಟ್ಟಳು. ದಿಂಬಿನ ಗೋಪುರ ಅವರ ಮೂಗು ದಾಟಿತು, ಕಣ್ಣು ದಾಟಿತು, ಕೊನೆಗೆ ಯಜಮಾನರು ಪೂರ್ತಿ ಮರೆಯಾದರು. ಕೆಳಗೆ ಎರಡು ಕಾಲು ಮಾತ್ರ ಉಳಿದವು. ಆ ಕಾಲುಗಳು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ತಡವರಿಸಿ, ನಿಂತವು. ಒಳಗಿನ ಹೊಲಿಗೆ ಮಷೀನೂ ನಿಂತಿತ್ತು. ದಿಂಬುಗಳ ಹಿಂದಿನಿಂದ, ಹತ್ತಿಯಲ್ಲಿ ಮೆತ್ತಗಾದ ದನಿ ಬಂತು.

"ತಮ್ಮಾ, ಮುಂದೆ ಏನೂ ಕಾಣ್ತಿಲ್ಲ ಕಣೋ. ಎಲ್ಲಿ ಕಾಲಿಡಲಿ?"

ಸರದಾರನ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಹೊತ್ತಿರಲಿಲ್ಲ. ಅವನು ಹೋಗಿ ಅವರ ಮೊಣಕೈ ಹಿಡಿದುಕೊಂಡ.

"ನೇರ ಬನ್ನಿ ಯಜಮಾನ್ರೇ" ಎಂದ. "ಇಲ್ಲೊಂದು ಮೆಟ್ಟಿಲಿದೆ, ನಿಧಾನ."